ಮೇಸ್ತ್ರಿ ಕಲಸಿದ ಸಿಮೆಂಟು

ಜೂನ್ ೪

ಪುಟ್ಟೀ,

ಫೆಬ್ರವರಿಯಲ್ಲಿ ನಿಮ್ಮಮ್ಮನ್ನ ಕಳಿಸಿಕೊಟ್ಟ ಮಾರನೇ ದಿನ ನೀನು ಬಸ್ ಹತ್ತೋವಾಗ ಹೇಳಿದ್ದು ನೆನಪಿದೆ. ಫೋನ್ ಮಾಡಬೇಡ, ನಿನ್ನ ನಗು ಕೇಳಕ್ಕೆ ನನ್ನ ಕೈಲಾಗಲ್ಲ, ಹೇಳೋದೇನಾದ್ರೂ ಇದ್ರೆ ಬರಿ ಅಂದೆ. ಅದಕ್ಕೇ ಬರೀತಿದ್ದೀನಿ. ನಾಲ್ಕು ತಿಂಗಳು ಯಾಕೆ ಬೇಕಾಯ್ತು ಅಂತ ಮಾತ್ರ ಕೇಳಬೇಡ. ಐದನೇ ಕ್ಲಾಸಿಗೇ ಪುಸ್ತಕ ಮುಚ್ಚಿಟ್ಟವನು ನಾನು. ಒಂದೊಂದು ಒತ್ತಕ್ಷರಾನೂ ಎಲ್ಲಿಟ್ಟಿದ್ದೀನೋ ಅಂತ ಮನೆಯೆಲ್ಲ ಹುಡುಕಬೇಕು.

ನಾನು ಚೆನ್ನಾಗಿದ್ದೀನಿ. ಕ್ಲಿನಿಕ್ಕೂ ಚೆನ್ನಾಗಿದೆ. ಜನರ ಹಲ್ಲು ಹುಳುಕಾಗೋದು ನಿಂತಿಲ್ಲ, ಅದಕ್ಕೆ ನನ್ನ ಕೆಲಸಾನೂ ನಿಂತಿಲ್ಲ. ಮೊನ್ನೆ ಒಬ್ಬ ಅಜ್ಜ ಎರಡು ಸೆಟ್ಟು ಕಟ್ಟಿಸಿದ ಹಲ್ಲನ್ನ ಕರವಸ್ತ್ರದಲ್ಲಿ ಗಂಟು ಹಾಕ್ಕೊಂಡು ಬಂದಿದ್ದ. ಇದರಲ್ಲಿ ನಂದ್ಯಾವುದು, ನನ್ನ ಹೆಂಡತೀದ್ಯಾವುದು ಹೇಳಿ ಸ್ವಾಮಿ, ಬೆಳಗ್ಗೆಯಿಂದ ಅವಳ ಹಲ್ಲಲ್ಲಿ ನಾನು ಬೈತಿದ್ದೀನಿ, ನನ್ನ ಹಲ್ಲಲ್ಲಿ ಅವಳು ಬೈತಿದ್ದಾಳೆ ಅಂದ. ಸಣ್ಣ ಡಾಕ್ಟ್ರು ನಗಲೇ ಇಲ್ಲ. ಅವರಪ್ಪ ದೊಡ್ಡ ಡಾಕ್ಟ್ರು ಇದ್ದಿದ್ರೆ ಹೊಟ್ಟೆ ಹಿಡ್ಕೊಂಡು ನಗೋರು.

ಸಣ್ಣವರು ಬಂದ ಮೇಲೆ ಎಲ್ಲಾ ಹೊಸದು. ಸಿಮೆಂಟು ಈಗ ಟ್ಯೂಬಲ್ಲಿ ಬರುತ್ತೆ, ಒತ್ತಿದ್ರೆ ಆಯ್ತು. ಇಪ್ಪತ್ತಾರು ವರ್ಷ ಗಾಜಿನ ಹಲಗೆ ಮೇಲೆ ಬಿಳಿ ಪುಡಿಗೆ ಲವಂಗದೆಣ್ಣೆ ಬಿಟ್ಟು ಕಲಸಿದ ಕೈಗೆ ಈಗ ಮುಚ್ಚಳ ತಿರುಗಿಸೋ ಕೆಲಸ. ಆದ್ರೂ ಬಂದವರೆಲ್ಲ ಇನ್ನೂ ಸಿಮೆಂಟ್ ಮೇಸ್ತ್ರಿ ಅಂತಾನೇ ಕರೀತಾರೆ. ಬಾಯಲ್ಲಿ ಮನೆ ಕಟ್ಟೋ ಮೇಸ್ತ್ರಿ.

ನಿಮ್ಮಮ್ಮನ ಸಾಮಾನೆಲ್ಲ ಎಲ್ಲಿತ್ತೋ ಅಲ್ಲೇ ಇದೆ. ಬಚ್ಚಲುಮನೆ ಕಿಟಕಿ ಮೇಲಿನ ರೇಡಿಯೋ ಕೂಡ. ಕೊನೆಕೊನೆಗೆ ಅದನ್ನ ಜೋರಾಗಿ ಹಾಕ್ಕೊಂಡು ಅರ್ಧರ್ಧ ಗಂಟೆ ಚಿಲಕ ಹಾಕ್ಕೊಳ್ತಿದ್ಲು. ಏನೇ, ಸಿನಿಮಾಗೆ ಸೇರ್ತೀಯಾ ಅಂತ ಹೊರಗಿಂದ ಕೂಗ್ತಿದ್ದೆ. ಅವಳ ಹೇರ್‌ಪಿನ್ನೊಂದು ಅಲ್ಲೇ ಸಿಕ್ತು. ತುದಿ ನೆಟ್ಟಗಾಗಿಬಿಟ್ಟಿದೆ. ತಲೆಗೆ ಬಾರದ್ದು ಒಲೆಗೆ ಬಂತು ನೋಡು. ಗ್ಯಾಸ್ ಒಲೆ ತೂತು ಕಟ್ಕೊಂಡಾಗ ಅದರಲ್ಲೇ ಚುಚ್ಚಿ ಬಿಡಿಸ್ತೀನಿ.

ಊಟ ಮಾಡು. ನೀನು ಮಾಡಲ್ಲ ಅಂತ ಗೊತ್ತಿದ್ದೇ ಬರೀತಿದ್ದೀನಿ.

ನಿನ್ನ ಅಪ್ಪ,
ಸಿಮೆಂಟ್ ಮೇಸ್ತ್ರಿ


ಜೂನ್ ೨೧

ಅಪ್ಪ,

ನಿಮ್ಮ ಕಾಗದ ಬಂತು. ನಾನು ಕ್ಷೇಮ.

ಮಾರ್ಚ್‌ನಿಂದ ನನ್ನನ್ನು ಪ್ರಯೋಗಾಲಯದಲ್ಲಿ ಬೇರೆ ಕೆಲಸಕ್ಕೆ ಹಾಕಿದ್ದಾರೆ. ನಾನೇ ಕೇಳಿಕೊಂಡೆ. ಹಲ್ಲಿಗೆ ತುಂಬುವ ಸಿಮೆಂಟುಗಳನ್ನು ಇಲಿಗಳ ಹಲ್ಲಿನಲ್ಲಿ ಹಾಕಿ, ಬೇರಿನ ಸುತ್ತ ಎಷ್ಟು ಊತ ಬರುತ್ತದೆ, ಕರಗಿದ ಮೂಳೆ ಮತ್ತೆ ಕಟ್ಟಿಕೊಳ್ಳುತ್ತದೆಯೋ ಇಲ್ಲವೋ ಎಂದು ನೋಡುತ್ತಿದ್ದಾರೆ. ದವಡೆಯನ್ನು ಕಾಗದಕ್ಕಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಗಾಜಿನ ಮೇಲೆ ಕೂರಿಸಿ ಕೊಡುವುದು ನನ್ನ ಪಾಲಿನ ಕೆಲಸ.

ಈ ಕೆಲಸವನ್ನು ಯಾಕೆ ಕೇಳಿಕೊಂಡೆ ಎಂದು ನಿಮಗೆ ಗೊತ್ತಿರಬೇಕು. ಅಮ್ಮನ ಆಸ್ಪತ್ರೆಯ ಕಾಗದ ನನ್ನ ಬಳಿ ಇದೆ. ಕೆಳದವಡೆಯ ಬಲಗಡೆಯ ದೊಡ್ಡ ಹಲ್ಲು, ಇತ್ತೀಚೆಗೆ ತುಂಬಿಸಿದ್ದು, ಅದರ ಬೇರಿನಿಂದ ಕೀವು ಕುತ್ತಿಗೆಗೆ ಇಳಿದಿದೆ ಎಂದು ಬರೆದಿದ್ದಾರೆ. ಸಕ್ಕರೆ ಕಾಯಿಲೆ ಇದ್ದುದರಿಂದ ನಾಲ್ಕೇ ದಿನದಲ್ಲಿ ಎಲ್ಲ ಮುಗಿಯಿತು. ನಾನು ಸಣ್ಣ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಅಮ್ಮನ ಹೆಸರಿನ ಚೀಟಿಯೇ ಕ್ಲಿನಿಕ್ಕಿನಲ್ಲಿ ಇಲ್ಲ ಎಂದರು.

ಹಾಗಾದರೆ ಆ ಹಲ್ಲನ್ನು ತುಂಬಿದ್ದು ಯಾರು? ನನಗೆ ಬೇಕಾಗಿರುವುದು ಇದೊಂದೇ. ಅಜ್ಜನ ಹಲ್ಲಿನ ಕಥೆ ಬೇಡ. ಅವತ್ತು ಅಮ್ಮನನ್ನು ನಡುಮನೆಯಲ್ಲಿ ಮಲಗಿಸಿದ್ದಾಗ ನೀವು ಬಂದವರಿಗೆ ಏನೋ ಹೇಳಿ ನಗಿಸುತ್ತಿದ್ದಿರಿ. ಒಳಗೆ ಅವಳ ಸೀರೆ ಮಡಿಸುತ್ತಾ ನಾನು ಅದನ್ನು ಕೇಳಿಸಿಕೊಂಡೆ. ಇನ್ನೊಂದು ಸಲ ಕೇಳಿಸಿಕೊಳ್ಳಲು ನನಗೆ ಶಕ್ತಿ ಇಲ್ಲ.

ಇಂತಿ,
ಮಗಳು


ಜುಲೈ ೯

ಪುಟ್ಟೀ,

ಕಾಗದ ಮೂರು ಸಲ ಓದಿದೆ. ಮೂರು ಸಲಾನೂ ನೀವು ನೀವು ಅಂತಾನೇ ಇತ್ತು. ಹುಟ್ಟಿದಾಗಿಂದ ಏಕವಚನದಲ್ಲಿ ಕೂಗಿದವಳು ಈಗ ಮರ್ಯಾದೆ ಕೊಡ್ತಿದ್ದೀಯ. ಬಾಗಿಲಲ್ಲಿ ಯಾರೋ ದೊಡ್ಡ ಮನುಷ್ಯರು ನಿಂತಿದಾರೇನೋ ಅಂತ ಹಿಂದೆ ತಿರುಗಿ ನೋಡ್ದೆ.

ಇಲಿಗೂ ಹಲ್ಲು ತುಂಬ್ತಾರೆ ಅಂತ ಗೊತ್ತಿರಲಿಲ್ಲ. ನಮ್ಮ ಅಡುಗೆಮನೆ ಇಲಿಗೆ ಯಾವ ತೊಂದ್ರೇನೂ ಇಲ್ಲ ಕಣೆ, ಬಾಗಿಲ ಚೌಕಟ್ಟು ಅರ್ಧ ಮುಗಿಸಿದೆ.

ಹಲ್ಲು ತುಂಬಿದ್ದು ಯಾರು ಅಂತ ಕೇಳಿದ್ದೀಯ. ಈ ಪೇಟೆಯಲ್ಲಿ ಹಲ್ಲಿನ ಡಾಕ್ಟ್ರುಗಳ ಬೋರ್ಡು ಹಲ್ಲಿಗಿಂತ ಜಾಸ್ತಿ ಇವೆ. ಯಾರೋ ತುಂಬಿದ್ರು. ಅವರನ್ನ ಹುಡುಕಿ ಏನು ಮಾಡ್ತೀಯ. ಹೋದವಳು ವಾಪಸ್ ಬರ್ತಾಳಾ.

ಒಂದು ಮಾತು. ನಿನ್ನ ಇಲಿಗಳಲ್ಲಿ ಹಳೇ ಪುಡಿ, ಲವಂಗದೆಣ್ಣೆ ಸಿಮೆಂಟು ಹಾಕಿದ್ದೂ ಇರುತ್ತಾ? ಅವು ಹೇಗಿವೆ? ಸುಮ್ನೆ ಕೇಳ್ದೆ. ನಮ್ಮ ಹಳೇ ಮಾಲು ನೋಡು, ಅದರ ಯೋಗಕ್ಷೇಮ ನಾನಲ್ಲದೆ ಇನ್ಯಾರು ವಿಚಾರಿಸ್ತಾರೆ.

ನಿನ್ನ ಅಪ್ಪ,
ಮೇಸ್ತ್ರಿ


ಆಗಸ್ಟ್ ೨

ಅಪ್ಪ,

ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ.

ಲವಂಗದೆಣ್ಣೆಯ ಹಳೆಯ ಸಿಮೆಂಟ್ ಹಾಕಿದ ಇಲಿಗಳು ಇವೆ. ಸಿಮೆಂಟು ಬೇರಿನ ತುದಿಯಿಂದ ಸ್ವಲ್ಪ ಆಚೆ ಹೋದರೂ ಮೊದಲ ವಾರ ಅಲ್ಲಿ ಊತ ಜಾಸ್ತಿ. ಬಣ್ಣ ಹಾಕಿ ನೋಡಿದರೆ, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಊತದ ಕಣಗಳು ಮುತ್ತಿಕೊಂಡಿರುತ್ತವೆ. ಪಕ್ಕದ ಮೂಳೆ ಸವೆಯುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಊತ ಇಳಿದು ಮೂಳೆ ನಿಧಾನವಾಗಿ ಮತ್ತೆ ಬೆಳೆಯುತ್ತದೆ. ಹೊಸ ಸಿಮೆಂಟುಗಳಲ್ಲಿ ಸುಣ್ಣದ ಅಂಶ ಇದೆ. ಅವುಗಳ ಸುತ್ತ ಊತ ಕಡಿಮೆ, ಮೂಳೆ ಬೇಗ ಬಂದು ಸಿಮೆಂಟಿಗೆ ಒತ್ತಿ ನಿಲ್ಲುತ್ತದೆ.

ಇದೆಲ್ಲ ಬೇರಿನ ಒಳಗನ್ನು ತೊಳೆದು ಮುಚ್ಚಿದ ಇಲಿಗಳ ಮಾತು. ತೊಳೆಯದೆ, ಕೊಳೆಯನ್ನು ಒಳಗೇ ಬಿಟ್ಟು ಮುಚ್ಚಿದ ಗುಂಪೂ ಒಂದಿದೆ. ಅವುಗಳಿಗೆ ಯಾವ ಸಿಮೆಂಟ್ ಹಾಕಿದರೂ ಮೂಳೆ ಕಟ್ಟಿಕೊಳ್ಳಲಿಲ್ಲ.

ನೀವು ಇದನ್ನು ಸುಮ್ಮನೆ ಕೇಳಲಿಲ್ಲ. ನೀವು ಯಾವುದನ್ನೂ ಸುಮ್ಮನೆ ಕೇಳುವವರಲ್ಲ. ನನ್ನ ಪ್ರಶ್ನೆಗೆ ಉತ್ತರ ಬರುವವರೆಗೆ ನಾನು ಇನ್ನು ಬರೆಯುವುದಿಲ್ಲ. ಮನೆಗೂ ಬರುವುದಿಲ್ಲ.

ಮಗಳು


ಸೆಪ್ಟೆಂಬರ್ ೧೭

ಮಗಳೇ,

ಆರು ವಾರದಿಂದ ಬರೆದು ಬರೆದು ಹರೀತಿದ್ದೀನಿ. ಇದನ್ನೂ ಹರಿಯೋಕ್ಕೆ ಮುಂಚೆ ಅಂಚೆಗೆ ಹಾಕ್ತೀನಿ.

ನಾನೇ ತುಂಬಿದ್ದು.

ಜನವರಿಯಲ್ಲಿ ಒಂದು ಭಾನುವಾರ. ಅದಕ್ಕೆ ಹದಿನೈದು ದಿನದ ಹಿಂದಿಂದ ಅವಳಿಗೆ ಹಲ್ಲು ನೋವು. ಮೂರು ಸಲ ಕ್ಲಿನಿಕ್ ಬಾಗಿಲ ತನಕ ಕರ್ಕೊಂಡು ಬಂದಿದ್ದೆ. ಒಳಗಿನ ಯಂತ್ರದ ಸದ್ದು ಕೇಳಿದ ತಕ್ಷಣ ಮೂರು ಸಲಾನೂ ಚಪ್ಪಲಿ ಹಾಕ್ಕೊಂಡು ವಾಪಸ್. ಆ ಭಾನುವಾರ ಮಧ್ಯಾಹ್ನ ಕೆನ್ನೆ ಹಿಡ್ಕೊಂಡು ಅಡುಗೆಮನೆಗೆ ಬಂದು ನಿಂತ್ಲು. "ಇಪ್ಪತ್ತಾರು ವರ್ಷ ಕಂಡೋರ ಬಾಯಿಗೆಲ್ಲ ಕಲಸಿದ್ದೀರ. ನಂಗೊಂದು ಕಲಸಿ ಹಾಕಕ್ಕಾಗಲ್ವಾ ನಿಮ್ಗೆ?" ಅಂದ್ಲು.

ಸಣ್ಣ ಡಾಕ್ಟ್ರು ಹಳೇ ಪುಡಿ, ಎಣ್ಣೆ ಬಾಟ್ಲಿ ಎಲ್ಲ ಎಸೆಯಕ್ಕೆ ಹೇಳಿದ್ರು. ನಾನು ಎಸೆದಿರಲಿಲ್ಲ. ಗಾಜಿನ ಹಲಗೆ ಸಮೇತ ಮನೆಗೆ ತಂದಿಟ್ಟಿದ್ದೆ. ಯಾಕೆ ಅಂತ ಕೇಳಿದ್ರೆ ಹೇಳಕ್ಕೆ ಬರಲ್ಲ. ದೊಡ್ಡ ಡಾಕ್ಟ್ರ ಕಾಲದ್ದು, ಅಷ್ಟೇ.

ಕಿಟಕಿ ಹತ್ರ ಸ್ಟೂಲು ಹಾಕಿ ಕೂರಿಸಿದೆ. ಟಾರ್ಚ್ ಅವಳೇ ಹಿಡ್ಕೊಂಡಿದ್ಲು. ನಗು ಬಂದು ಬಂದು ಬೆಳಕು ಮೂಗಿಗೆ ಬೀಳ್ತಿತ್ತು. ಮೇಲೆ ಮೇಲೆ ಕೆರೆದು, ಹತ್ತಿಯಲ್ಲಿ ಒರೆಸಿ, ಕಲಸಿ ಹಾಕಿದೆ. ಗಟ್ಟಿ ಕಲಸಿದೆ. ನನ್ನ ಕಲಸು ಯಾವತ್ತೂ ಗಟ್ಟಿ. ಪುಡಿ ಇನ್ನು ಹಿಡಿಯಲ್ಲ ಅನ್ನೋವಷ್ಟಾದ ಮೇಲೂ ಇನ್ನೊಂದು ಚಿಟಿಕೆ ತಿಕ್ಕಿ ಸೇರಿಸ್ತೀನಿ. ಹಲ್ಲು ಬಿದ್ರೂ ಮೇಸ್ತ್ರಿ ಹಾಕಿದ್ದು ಬೀಳಲ್ಲ ಅಂತ ದೊಡ್ಡ ಡಾಕ್ಟ್ರು ಬಂದವರಿಗೆಲ್ಲ ಹೇಳೋರು.

ಹತ್ತು ನಿಮಿಷಕ್ಕೆ ನೋವು ಹೋಯ್ತು. ಲವಂಗದೆಣ್ಣೆ ಗುಣ ಅದು, ನರಾನ ಮಲಗಿಸಿಬಿಡುತ್ತೆ. ಆ ವಾರ ಪೂರ್ತಿ ನನ್ನನ್ನ ಡಾಕ್ಟ್ರೇ ಅಂತಾನೇ ಕರೆದ್ಲು. ಡಾಕ್ಟ್ರೇ ತರಕಾರಿ ತನ್ನಿ, ಡಾಕ್ಟ್ರೇ ಕಸ ಹಾಕಿ ಬನ್ನಿ. ನಂಗೆ ಎಷ್ಟು ಖುಷಿ ಆಗಿತ್ತು ಅಂತ ಈಗ ಬರೆಯಕ್ಕೆ ನಾಚಿಕೆ ಆಗುತ್ತೆ.

ಬೇರಿನ ಒಳಗೆ ಸಣ್ಣ ಸೂಜಿ ಇಳಿಸಿ ಕೊಳೆ ತೆಗೀಬೇಕು, ತೊಳೀಬೇಕು, ಆಮೇಲೇ ಮುಚ್ಚಬೇಕು. ಇಪ್ಪತ್ತಾರು ವರ್ಷ ಡಾಕ್ಟ್ರ ಪಕ್ಕದಲ್ಲೇ ನಿಂತು ನೋಡಿದ್ದೀನಿ. ಗೊತ್ತಿರಲಿಲ್ಲ ಅಂತ ನಾನು ಹೇಳಕ್ಕಾಗಲ್ಲ. ಗೊತ್ತಿತ್ತು. ಈಗ ನೋವು ಹೋಗ್ಲಿ, ಆಮೇಲೆ ಪುಸಲಾಯಿಸಿ ಕರ್ಕೊಂಡು ಹೋಗೋಣ ಅಂದ್ಕೊಂಡೆ. ನೋವು ಹೋಯ್ತು. ಆಮೇಲೆ ಅನ್ನೋದು ಬರಲೇ ಇಲ್ಲ. ದಿನಾ ಕೇಳ್ತಿದ್ದೆ, ಹೇಗಿದೆಯೇ ಅಂತ. ನಿಮ್ಮ ಕೈ ಗುಣ, ಕಲ್ಲಿನ ಹಾಗಿದೆ ಅಂತಿದ್ಲು. ಮೂರನೇ ವಾರ ದವಡೆ ಕೆಳಗೆ ಊದಿಕೊಂಡ್ತು. ಆಮೇಲಿಂದು ನಿಂಗೆ ಗೊತ್ತು.

ಆಸ್ಪತ್ರೆಯವರು ಯಾರು ತುಂಬಿದ್ದು ಅಂತ ಕೇಳಿದ್ರು. ಗೊತ್ತಿಲ್ಲ ಅಂದೆ. ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ.

ನಡುಮನೆಯಲ್ಲಿ ನಗಿಸ್ತಿದ್ದೆ ಅಂದೆಯಲ್ಲ. ಏನು ಹೇಳ್ದೆ, ಯಾರು ನಕ್ಕರು, ಒಂದೂ ನೆನಪಿಲ್ಲ. ಮಾತು ನಿಲ್ಸಿದ್ರೆ ಇದು ಬಾಯಿಂದ ಬಿದ್ದುಬಿಡುತ್ತೆ ಅನ್ನಿಸ್ತಿತ್ತು. ಅದಕ್ಕೇ ಬಾಯಿಗೆ ಏನು ಬಂತೋ ಅದನ್ನ ತುಂಬ್ತಾ ಹೋದೆ.

ಕೊಳೆ ಬಿಟ್ಟು ಮುಚ್ಚಿದ ಇಲಿಗಳಿಗೆ ಯಾವ ಸಿಮೆಂಟೂ ಒಂದೇ ಅಂತ ನೀನು ಬರೆದಿದ್ದು ಓದಿದೆ. ಆದ್ರೂ ಕೇಳ್ತೀನಿ. ಮನುಷ್ಯರದ್ದು ಬೇರೆ ಇರಬಹುದಲ್ವಾ. ನಾನು ಕ್ಲಿನಿಕ್ಕಿಂದ ಆ ಹೊಸ ಟ್ಯೂಬಿನದ್ದು ಒಂಚೂರು ತಂದು ಹಾಕಿದ್ರೆ, ಅವಳು ಉಳೀತಿದ್ಲಾ?

ಆಸ್ಪತ್ರೆಯಲ್ಲಿ ಕಿತ್ತ ಅವಳ ಹಲ್ಲನ್ನ ನರ್ಸಮ್ಮ ಒಂದು ಸಣ್ಣ ಸೀಸೆಯಲ್ಲಿ ಹಾಕಿ ಕೊಟ್ಟಿದ್ರು. ಗಾಜಿನ ಹಲಗೆ ಪಕ್ಕದಲ್ಲೇ ಇದೆ.

ಅಪ್ಪ


ಸೆಪ್ಟೆಂಬರ್ ೩೦

ಅಪ್ಪ,

ಹಲ್ಲನ್ನು ನನಗೆ ಕಳಿಸಿ. ಸೀಸೆಯಿಂದ ತೆಗೆಯಬೇಡಿ, ತೊಳೆಯಬೇಡಿ. ಮುಚ್ಚಳದ ಸುತ್ತ ಟೇಪ್ ಹಾಕಿ, ಸುತ್ತಲೂ ಹತ್ತಿ ತುಂಬಿ ಡಬ್ಬಿಯಲ್ಲಿ ಇಟ್ಟು ಕಳಿಸಿ.

ಈಗ ಇದಕ್ಕಿಂತ ಹೆಚ್ಚು ಬರೆಯಲು ಆಗುತ್ತಿಲ್ಲ.

ಮಗಳು


ಅಕ್ಟೋಬರ್ ೬

ಮಗಳೇ,

ಡಬ್ಬಿ ಇವತ್ತು ಕಳಿಸಿದ್ದೀನಿ. ನೀನು ಹೇಳಿದ ಹಾಗೇ ಹತ್ತಿ ಹಾಕಿದ್ದೀನಿ, ಟೇಪು ನಾಲ್ಕು ಸುತ್ತು. ಬಿಚ್ಚೋವಾಗ ನನ್ನ ಬೈಬೇಡ.

ಅಂಚೆ ಕಚೇರಿಯಲ್ಲಿ ಕೌಂಟರಿನ ಹೆಂಗಸು, ಒಳಗೇನಿದೆ ಮೇಸ್ತ್ರಿಗಳೇ, ಬರ್ಕೋಬೇಕು ಅಂದ್ರು. ನನ್ನ ಹೆಂಡತಿ ಅಂದೆ. ಅವರು ನಕ್ಕುಬಿಟ್ರು, ಸಾಲಲ್ಲಿ ನಿಂತವರೂ ನಕ್ಕರು. ಅಷ್ಟು ಜನ ನಕ್ಕರು ಪುಟ್ಟೀ, ನಾನು ಮಾತ್ರ ತಮಾಷೆ ಮಾಡಿರಲಿಲ್ಲ.

ನೀನು ಏನು ಕಂಡ್ರೂ ಬರಿ. ಮುಚ್ಚಿಡಬೇಡ. ಮುಚ್ಚಿಟ್ರೆ ಏನಾಗುತ್ತೆ ಅಂತ ನನಗೊಬ್ಬನಿಗೆ ಗೊತ್ತಾದ್ರೆ ಸಾಕು.

ಅಪ್ಪ


ನವೆಂಬರ್ ೨೮

ಅಪ್ಪ,

ತಡವಾಯಿತು. ಹಲ್ಲನ್ನು ಮೂರು ವಾರ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ದಿನಕ್ಕೆ ನಲವತ್ತು ದವಡೆ ಕೊಯ್ಯುವ ಕೈ ಇದಕ್ಕೆ ಏಳಲಿಲ್ಲ. ನಮ್ಮ ಪ್ರಯೋಗಾಲಯದ ಮೇಡಂ ತಾವೇ ಕೊಯ್ದುಕೊಡುತ್ತೇನೆ ಎಂದರು. ಬೇಡ, ಅದು ನಮ್ಮ ಮನೆಯದು, ನಾನೇ ಮಾಡುತ್ತೇನೆ ಎಂದೆ.

ಕಂಡದ್ದನ್ನು ಬರೆಯುತ್ತೇನೆ. ಬೇರಿನ ತುದಿ ಅರ್ಧ ಕರಗಿಹೋಗಿದೆ. ಅದಕ್ಕೆ ಅಂಟಿಕೊಂಡು ಊತದ ಒಂದು ಸಣ್ಣ ಗಂಟು ಇತ್ತು. ಅದು ಮೂರು ವಾರದಲ್ಲಿ ಬೆಳೆಯುವಂಥದ್ದಲ್ಲ ಎಂದು ಮೇಡಂ ಹೇಳಿದರು. ನೀನು ಮುಚ್ಚುವುದಕ್ಕೆ ಎಷ್ಟೋ ತಿಂಗಳು ಮೊದಲೇ ಒಳಗೆ ಮೂಳೆ ಸವೆಯುತ್ತಿತ್ತು. ಅಮ್ಮ ನೋವು ಅಂತ ಬಾಯಿ ಬಿಟ್ಟಿದ್ದು ಕೊನೆಗೆ. ನನಗೂ ಅವಳು ಫೋನಿನಲ್ಲಿ ಪ್ರತಿ ವಾರ ಚೆನ್ನಾಗಿದ್ದೇನೆ ಎಂದೇ ಹೇಳುತ್ತಿದ್ದಳು. ನಾನೂ ಅದನ್ನು ನಂಬಿ ಫೋನ್ ಇಡುತ್ತಿದ್ದೆ.

ನಿನ್ನ ಸಿಮೆಂಟು ಎಲ್ಲೂ ಬಿಟ್ಟುಕೊಂಡಿಲ್ಲ. ಹಲ್ಲಿಗೂ ಅದಕ್ಕೂ ನಡುವೆ ಕೂದಲೆಳೆಯಷ್ಟೂ ಸಂದಿಲ್ಲ. ಇಷ್ಟು ಒಳ್ಳೆಯ ಕೈಕೆಲಸವನ್ನು ಇಲ್ಲಿ ಯಾರೂ ನೋಡಿಲ್ಲವಂತೆ. ಯಾರು ಮಾಡಿದ್ದು ಎಂದು ಮೇಡಂ ಕೇಳಿದರು. ನಮ್ಮಪ್ಪ ಎಂದೆ.

ಹೊಸದನ್ನು ಹಾಕಿದ್ದರೆ ಉಳಿಯುತ್ತಿದ್ದಳಾ ಎಂದು ನೀನು ಕೇಳಿದ್ದೆ. ಇಲ್ಲ. ಯಾವ ಸಿಮೆಂಟ್ ಆಗಿದ್ದರೂ ಆ ಮೂಳೆ ಗುಣವಾಗುತ್ತಿರಲಿಲ್ಲ. ಇದರ ಇನ್ನೊಂದು ಮುಖ ನಿನಗೂ ಗೊತ್ತು, ಅದಕ್ಕೆ ಸುಳ್ಳು ಬರೆಯುವುದಿಲ್ಲ. ಮುಚ್ಚದೇ ಬಿಟ್ಟಿದ್ದರೆ ಕೀವಿಗೆ ಹೊರಗೆ ಬರಲು ದಾರಿ ಇರುತ್ತಿತ್ತು. ಇಷ್ಟನ್ನು ಬರೆಯುವುದಕ್ಕೇ ನನಗೆ ಇಷ್ಟು ದಿನ ಬೇಕಾಯಿತು. ಬರೆದಾದ ಮೇಲೆ ನಿನ್ನ ಮೇಲೆ ಸಿಟ್ಟು ಬರಲಿ ಎಂದು ಕಾದೆ. ಬರಲಿಲ್ಲ. ಸ್ಟೂಲಿನ ಮೇಲೆ ಟಾರ್ಚ್ ಹಿಡಿದು ನಗುತ್ತಿರುವ ಅಮ್ಮನೇ ಕಣ್ಣ ಮುಂದೆ ಬರುತ್ತಿದ್ದಾಳೆ.

ಇನ್ನೊಂದು ವಿಷಯ. ಆ ಹೇರ್‌ಪಿನ್ನಿನಿಂದ ಇನ್ನು ಒಲೆ ಚುಚ್ಚಬೇಡ. ಅದನ್ನು ಒರೆಸಿ ಎತ್ತಿಡು. ಬಂದಾಗ ತೆಗೆದುಕೊಂಡು ಹೋಗುತ್ತೇನೆ. ಯಾಕೆ ಎಂದು ಕೇಳಬೇಡ.

ಹತ್ತನೇ ತಾರೀಕು ಭಾನುವಾರ ಬೆಳಿಗ್ಗೆ ನನಗೆ ಕೆಲಸವಿಲ್ಲ. ಫೋನ್ ಮಾಡು. ನಕ್ಕರೂ ಪರವಾಗಿಲ್ಲ.

ನಿನ್ನ
ಪುಟ್ಟಿ


ಡಿಸೆಂಬರ್ ೬

ಪುಟ್ಟೀ,

ಯಾಕೆ ಅಂತ ಕೇಳಲ್ಲ. ಕೇಳೋ ಅಗತ್ಯ ಬೀಳಲಿಲ್ಲ.

ನಿನ್ನ ಕಾಗದ ಬಂದ ದಿನ ಪಿನ್ನನ್ನ ಒಲೆ ಪಕ್ಕದಿಂದ ತಂದು ಬಾಗಿಲ ಬೆಳಕಿಗೆ ಹಿಡಿದೆ. ತಲೆಯಲ್ಲಿದ್ದ ಪಿನ್ನಿನ ತುದಿ ತಾನಾಗೇ ನೆಟ್ಟಗಾಗಲ್ಲ. ಯಾರೋ ಕೂತು ನೆಟ್ಟಗೆ ಮಾಡಿದ್ರೆ ಆಗುತ್ತೆ. ಆಮೇಲೆ ಬಚ್ಚಲುಮನೆಗೆ ಹೋಗಿ ಕಿಟಕಿ ಮೇಲಿಂದ ರೇಡಿಯೋ ಎತ್ತಿದೆ. ಕೆಳಗೆ ಒಂದು ಚಿಟಿಕೆಯಷ್ಟು ಬಿಳಿ ಚೂರು ಸೇರ್ಕೊಂಡಿತ್ತು. ಗೋಡೆ ಸುಣ್ಣ ಇರಬೇಕು ಅಂತ ಒಂದು ಕ್ಷಣ ಅಂದ್ಕೊಳ್ಳಕ್ಕೆ ನೋಡ್ದೆ. ಬೆರಳಲ್ಲಿ ತಿಕ್ಕಿ ಮೂಗಿಗೆ ಹಿಡಿದೆ. ಹತ್ತು ತಿಂಗಳಾದ್ರೂ ಲವಂಗದ ವಾಸನೆ ಒಂಚೂರು ಉಳ್ಕೊಂಡಿತ್ತು. ನನ್ನ ಕೈಯ ಮಾಲು ನನಗೆ ಗೊತ್ತಾಗದೆ ಇರುತ್ತಾ.

ಅರ್ಧರ್ಧ ಗಂಟೆ ರೇಡಿಯೋ ಜೋರಾಗಿ ಹಾಕ್ಕೊಂಡು ಅವಳು ಅದನ್ನ ಕೆರೀತಿದ್ಲು ಪುಟ್ಟೀ. ನೋವು ತಡೆಯಕ್ಕಾಗದೆ, ನಾನು ಮುಚ್ಚಿದ್ದನ್ನ ತೆಗೆಯಕ್ಕೆ ನೋಡ್ತಿದ್ಲು. ಹೊರಗಡೆ ನಿಂತು ನಾನು ಸಿನಿಮಾ ಅಂತ ಕೂಗ್ತಿದ್ದೆ. ಬಾಯಿ ಒರೆಸ್ಕೊಂಡು ಹೊರಗೆ ಬಂದು, ನಿಮ್ಮ ಕೈ ಗುಣ, ಕಲ್ಲಿನ ಹಾಗಿದೆ ಅಂತಿದ್ಲು. ಅದು ನನ್ನ ಹೊಗಳಿದ್ದು ಅಂತ ಇಷ್ಟು ದಿನ ಅಂದ್ಕೊಂಡಿದ್ದೆ.

ಮೊನ್ನೆ ಗಾಜಿನ ಹಲಗೆ ತೊಳೆದು, ಉಳಿದಿದ್ದ ಪುಡಿ ತೆಗೆದು ಕಲಸಿದೆ. ಅವತ್ತಿನ ಹಾಗೇ, ಕೊನೆಗೆ ಇನ್ನೊಂದು ಚಿಟಿಕೆ ತಿಕ್ಕಿ. ಒಂದು ರಾತ್ರಿ ಗಟ್ಟಿಯಾಗಕ್ಕೆ ಬಿಟ್ಟು, ಬೆಳಗ್ಗೆ ಅವಳ ಡಬ್ಬಿಯಿಂದ ಬೇರೆ ಪಿನ್ನು ತಗೊಂಡು ತುದಿ ನೆಟ್ಟಗೆ ಮಾಡಿ ಕೆರೆದೆ. ಅವಳ ಪಿನ್ನನ್ನ ಇದಕ್ಕೆ ಬಳಸಿಲ್ಲ, ನೀನು ಹೇಳಿದ ಹಾಗೆ ಒರೆಸಿ ಎತ್ತಿಟ್ಟಿದ್ದೀನಿ. ಕೆರೆದೆ, ಕೆರೆದೆ. ಬೆರಳಲ್ಲಿ ಬೊಬ್ಬೆ ಬಂತು. ಕನ್ನಡಕ ಹಾಕ್ಕೊಂಡು, ಮೇಜಿನ ಮೇಲಿಟ್ಟು, ಎರಡೂ ಕೈಯಲ್ಲಿ ಕೆರೆದ್ರೂ ಅರ್ಧ ಕೂಡ ಇಳೀಲಿಲ್ಲ. ಅವಳು ಊದಿದ ಬಾಯೊಳಗೆ, ಕನ್ನಡಿಯಲ್ಲಿ ನೋಡ್ಕೊಂಡು, ಒಂದು ಕೈಯಲ್ಲಿ ಮಾಡಿದ್ದು.

ಒಂಚೂರು ತೆಳ್ಳಗೆ ಕಲಸಿದ್ರೆ ಆಗೋದು. ಆ ಕೊನೇ ಚಿಟಿಕೆ ಹಾಕದೆ ಇದ್ದಿದ್ರೆ, ಅವಳ ಪಿನ್ನೇ ದಾರಿ ಮಾಡೋದು. ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ಸಲ ಕೆಲಸ ಕೆಡಿಸಬೇಕಾಗಿತ್ತು ನಾನು.

ನೀನು ಇದನ್ನ ಗಾಜಿನ ಮೇಲೆ ಮೊದಲೇ ನೋಡಿದ್ದೀಯ. ಸಿಮೆಂಟಿನ ಮೇಲೆ ಪಿನ್ನಿನ ಗೀರುಗಳು ಕಾಣಿಸಿರುತ್ತೆ. ನನಗೆ ಗೊತ್ತಾಗದೆ ಇರಲಿ ಅಂತ ಬರೀಲಿಲ್ಲ. ಅವಳೂ ಹಾಗೇ ಮಾಡಿದ್ಲು, ಅವಳ ಮಗಳು ನೀನು. ಆದ್ರೆ ಇನ್ಮೇಲೆ ಬೇಡ ಪುಟ್ಟೀ. ನೋವಾದ್ರೆ ನೋವು ಅಂತ ಹೇಳು. ಅಪ್ಪನ ಕೆಲಸ ಕೆಟ್ಟಿದೆ ಅಂತ ಹೇಳು. ಅಪ್ಪನಿಗೆ ಬೇಜಾರಾಗುತ್ತೆ ಅಂತ ಯಾರೂ ಸುಮ್ನಿರಬಾರದು.

ನಿನ್ನೆ ಸಣ್ಣ ಡಾಕ್ಟ್ರ ಹತ್ರ ಎಲ್ಲಾ ಹೇಳಿದೆ. ಕೆಲಸ ಬಿಡಿಸ್ತಾರೆ ಅಂದ್ಕೊಂಡಿದ್ದೆ. ಅವರು, ಬಾಗಿಲ ತನಕ ಬಂದು ಹೆದರಿಕೊಂಡು ವಾಪಸ್ ಹೋಗೋರು ದಿನಕ್ಕೊಬ್ಬರಾದ್ರೂ ಇರ್ತಾರೆ, ನೀವು ನಾಳೆಯಿಂದ ಒಳಗೆ ಬೇಡ, ಹೊರಗೆ ಬೆಂಚಿನ ಹತ್ರ ಕೂತ್ಕೊಳ್ಳಿ, ಯಾರನ್ನೂ ಹಾಗೇ ಹೋಗಕ್ಕೆ ಬಿಡಬೇಡಿ ಅಂದ್ರು. ಇವತ್ತು ಒಬ್ಬ ಹೆಂಗಸು ಚಪ್ಪಲಿ ಹಾಕ್ಕೊಂಡಾಗಿತ್ತು. ಕೂರಿಸ್ಕೊಂಡು ಅಜ್ಜನ ಎರಡು ಸೆಟ್ಟು ಹಲ್ಲಿನ ಕಥೆ ಹೇಳಿದೆ. ಕೆನ್ನೆ ಹಿಡ್ಕೊಂಡೇ ನಕ್ಕಳು. ಒಳಗೆ ಹೋದ್ಲು. ಅವಳು ಹೊರಗೆ ಬರೋ ತನಕ ಅವಳ ಚಪ್ಪಲಿ ಕಾಯ್ಕೊಂಡು ಕೂತಿದ್ದೆ.

ಹತ್ತನೇ ತಾರೀಕು ಬೆಳಗ್ಗೆ ಫೋನ್ ಮಾಡ್ತೀನಿ. ನಗ್ತೀನೋ ಇಲ್ವೋ ಗೊತ್ತಿಲ್ಲ. ಹೇಳಕ್ಕೆ ಏನೂ ಸಿಗದೆ ಸುಮ್ನೆ ಇದ್ದುಬಿಡಬಹುದು. ಆ ಕಡೆಯಿಂದ ಏನೂ ಕೇಳಿಸ್ತಿಲ್ಲ ಅಂತ ಇಟ್ಟುಬಿಡಬೇಡ. ನಾನು ಇರ್ತೀನಿ.

ಅಪ್ಪ